ಹಿಂದಿನಿಂದ ಬರುವ ಗಾಡಿ

ರೈಲು ಮತ್ತೆ ಅರ್ಧ ದಾರಿಯಲ್ಲಿ ಮಾಯವಾಯಿತು.

ಮಹಾನಂದಾ ಗುಂಡಿ ಒತ್ತಿ ಮೊದಲಿನಿಂದ ಹಚ್ಚಿದಳು. ಬಲಗಡೆ ದೂರದಲ್ಲಿ ಎಂಜಿನ್ನಿನ ಸದ್ದು ಹುಟ್ಟಿತು, ಹತ್ತಿರವಾಯಿತು, ಕಿವಿಯ ಮೇಲೆಯೇ ಹಾದಂತೆ ಗಡಗಡಿಸಿತು. ಮೂಗಿನ ನೇರಕ್ಕೆ ಬಂತು ಅನ್ನುವಷ್ಟರಲ್ಲಿ ತೆಳ್ಳಗಾಗುತ್ತ ಹೋಗಿ ಇಲ್ಲವಾಯಿತು. ಕಂಪ್ಯೂಟರಿನ ಪರದೆಯ ಮೇಲೆ ಮಾತ್ರ ಹಸಿರು ಅಲೆಗಳು ಇನ್ನೂ ಎದ್ದು ಬೀಳುತ್ತಿದ್ದವು. ಅಂದರೆ ರೈಲು ಇತ್ತು, ಎಡಗಡೆ ಓಡುತ್ತಿತ್ತು. ಅವಳ ಪಾಲಿಗೆ ಇರಲಿಲ್ಲ.

ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಹುಬ್ಬಳ್ಳಿಯಿಂದ ಬೆಳಗಿನ ಬಸ್ಸಿಗೆ ಕಂಡಕ್ಟರನ ಕೈಯಲ್ಲಿ ಬಂದಿದ್ದ ಡಬ್ಬಿಯ ಹೊದಿಕೆ ಇನ್ನೂ ನೆಲದ ಮೇಲೆ ಬಿದ್ದಿತ್ತು. ದಪ್ಪ ಮೆತ್ತೆಗಳ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನು. ಅಷ್ಟು ಒಳ್ಳೆಯದನ್ನು ಅವಳು ಹಿಂದೆ ಮುಟ್ಟಿರಲೇ ಇಲ್ಲ. ತಿರುವಿ ಹಾಕಿಕೊಂಡು ನೋಡಿದಳು. ಈಗ ಎಡಗಡೆಯ ರೈಲು ಕೇಳಿಸಿತು, ಬಲಗಡೆಯದು ಹೋಯಿತು.

ಅಳ್ನಾವರದ ತವರುಮನೆಯಲ್ಲಿ ಆರು ವರ್ಷದವಳಿದ್ದಾಗ ಮಂಗಬಾವು ಬಂದು ಅವಳ ಎರಡೂ ಗಲ್ಲ ಊದಿಕೊಂಡಿದ್ದವು. ಬಾವು ಇಳಿಯಿತು, ಎಡಗಿವಿ ಮಾತ್ರ ತಿರುಗಿ ಬರಲಿಲ್ಲ. ನೋಡಿದವರಿಗೆ ತಿಳಿಯುವ ಊನವಲ್ಲ. ಶಾಲೆಯಲ್ಲಿ ಗೋಡೆ ಎಡಕ್ಕೆ ಬರುವ ಹಾಗೆ ಕೂರುತ್ತಿದ್ದಳು, ಗದ್ದಲವಿದ್ದಲ್ಲಿ ಎದುರಿನವರ ತುಟಿ ನೋಡುತ್ತಿದ್ದಳು. ಮದುವೆಯ ಮಾತುಕತೆಯಲ್ಲಿ ಅಪ್ಪ ಆ ವಿಷಯ ಎತ್ತಲಿಲ್ಲ. ಮದುವೆಯಾಗಿ ಶಲವಡಿಗೆ ಬಂದ ಎರಡನೆಯ ವಾರದಲ್ಲಿ ಅವಳೇ ಗಂಡ ಗೌರೀಶನಿಗೆ ಹೇಳಿದಳು. ಅವನು ಎದ್ದು ಬಂದು ಅವಳ ಬಲಗಡೆ ಕೂತ. "ಅವ್ವಗ ಈಗ ಹೇಳೂದ ಬ್ಯಾಡ," ಅಂದ. ಆ 'ಈಗ' ಅನ್ನುವುದಕ್ಕೆ ಏಳು ವರ್ಷವಾಗಿತ್ತು.

ಅತ್ತೆ ಕಸ್ತೂರೆವ್ವ ಸೊಸೆಯನ್ನು ಸೊಕ್ಕಿನವಳೆಂದು ತಿಳಿದಿದ್ದಳು. ಕರೆದರೆ ಒಮ್ಮೆ ಓಗೊಡುತ್ತಾಳೆ, ಒಮ್ಮೆ ಮುಖ ಕೂಡ ಎತ್ತುವುದಿಲ್ಲ. ಕಲಿತವಳೆಂಬ ಗರ್ವ ಎಂದು ಓಣಿಯ ಹೆಂಗಸರ ಮುಂದೆ ಆಡಿಕೊಂಡದ್ದೂ ಉಂಟು. ಮಹಾನಂದಾಗೆ ಅದು ಗೊತ್ತಿತ್ತು. ಸೊಕ್ಕಿನವಳೆಂದರೆ ಅನ್ನಲಿ, ಕಿವುಡನ್ನು ಮುಚ್ಚಿಟ್ಟು ಮದುವೆ ಮಾಡಿ ಕೊಟ್ಟರು ಎಂಬ ಮಾತು ಅಪ್ಪನ ತಲೆಗೆ ಬರಬಾರದು ಎಂದು ನುಂಗಿಕೊಂಡಿದ್ದಳು.

ನಾಲ್ಕು ವರ್ಷದಿಂದ ಅವಳು ಮನೆಯಲ್ಲೇ ಕೂತು ಹುಬ್ಬಳ್ಳಿಯ ಒಂದು ಸಣ್ಣ ತರಬೇತಿ ಸಂಸ್ಥೆಗೆ ಕೆಲಸ ಮಾಡುತ್ತಿದ್ದಳು. ಅವರು ಧ್ವನಿಮುದ್ರಿಸಿ ಕಳಿಸಿದ ಪಾಠಗಳಲ್ಲಿ ಫ್ಯಾನಿನ ಸದ್ದು, ಕೆಮ್ಮು, ಬಾಗಿಲ ಕಿರುಗುಟ್ಟುವಿಕೆ ತೆಗೆದು ಧ್ವನಿ ತಿಳಿಗೊಳಿಸುವ ಕೆಲಸ. ಅದಕ್ಕೆ ಒಂದು ಕಿವಿ ಸಾಕಾಗಿತ್ತು. ಅವಳಷ್ಟು ಚೊಕ್ಕಟವಾಗಿ ಯಾರೂ ಮಾಡುವುದಿಲ್ಲ ಎಂದು ಸಂಸ್ಥೆಯ ಪ್ರಭು ಎರಡು ಸಲ ಹೇಳಿದ್ದ. ಹಾಗೆ ಹೇಳಿದವನೇ ಈ ಹೊಸ ಕೆಲಸವನ್ನೂ ಕೊಟ್ಟಿದ್ದ.

"ಹಳಿ ಮ್ಯಾಲೆ ಕೆಲಸಾ ಮಾಡೋ ಗುತ್ತಿಗಿ ಮಂದಿಗೆ ಪಾಠರಿ," ಎಂದು ಫೋನಿನಲ್ಲಿ ವಿವರಿಸಿದ್ದ. "ಈಗೆಲ್ಲಾ ಕರೆಂಟಿನ ಎಂಜಿನ್. ಡೀಸೆಲ್ ಗಾಡಿ ಹಂಗ ದೂರಿಂದ ಕೇಳಂಗಿಲ್ಲ. ಕಂಪ್ಯೂಟರ್ ಮುಂದ ಕುಂದ್ರಿಸಿ ಗಾಡಿ ಯಾವ ಕಡೆಯಿಂದ ಬಂತು ಅಂತ ಅವರ ಕಿವಿಗೆ ರೂಢಿ ಮಾಡಸಬೇಕು. ಹಳಿ ನಡುವ ನಿಂತಂಗ ಅನಸಬೇಕು. ಗಾಡಿ, ಗಾಳಿ, ಸುತ್ತಿಗಿ ಎಲ್ಲಾ ಸದ್ದು ನಾವು ಕೊಡತೇವಿ. ಎಲ್ಲೆಲ್ಲಿ ಇಡಬೇಕೋ ಅಲ್ಲಲ್ಲಿ ಇಡೂದು ನಿಮ್ಮ ಕೆಲಸ."

"ಹೆಡ್‌ಫೋನಿನ್ಯಾಗರಿ?"

"ಮತ್ತ್ಯಾತರಾಗ್ರಿ? ಒಂದು ಲ್ಯಾಪ್‌ಟಾಪು, ಒಂದು ಹೆಡ್‌ಫೋನು. ಚೀಲದಾಗ ಹಾಕ್ಕೊಂಡು ಯಾವ ಊರಿಗೆ ಬೇಕಾದ್ರೂ ಹೋಗಬಹುದು. ಸ್ಪೀಕರ್ ಹೊತ್ಕೊಂಡು ಯಾರು ತಿರಗ್ತಾರ?"

ಅವಳು ಹೂಂ ಅಂದಿದ್ದಳು. ಇಲ್ಲ ಅನ್ನಬೇಕಾದರೆ ಕಾರಣ ಹೇಳಬೇಕಿತ್ತು.

ತನ್ನಿಂದ ಆಗದಿದ್ದರೆ ಎರಡು ಕಿವಿ ಇರುವವರಿಂದ ಕೇಳಿಸಬೇಕು, ಅಷ್ಟೇ ಎಂದುಕೊಂಡಳು. ಮರುದಿನ ಲ್ಯಾಪ್‌ಟಾಪನ್ನು ಚೀಲದಲ್ಲಿಟ್ಟುಕೊಂಡು ಊರ ಆ ತುದಿಯ ಓಣಿಗೆ ಹೋದಳು. ಅಲ್ಲಿ ಯಲ್ಲಪ್ಪನ ಮನೆ. ಮೂವತ್ತೊಂದು ವರ್ಷ ಹಳಿಯ ಮೇಲೆ ಗ್ಯಾಂಗ್‌ಮನ್ ಆಗಿ ದುಡಿದು ನಿವೃತ್ತನಾದವನು. ಎಪ್ಪತ್ತರ ಹತ್ತಿರವಿದ್ದರೂ ಗುಬ್ಬಿ ಕೂತ ಟೊಂಗೆಯನ್ನು ಸದ್ದಿನಿಂದಲೇ ತೋರಿಸುವಂಥ ಕಿವಿ. ಬೇವಿನ ನೆರಳಿನ ಕಟ್ಟೆಯ ಮೇಲೆ ರುಮಾಲು ಬಿಚ್ಚಿಟ್ಟು, ಅವಳು ಕೊಟ್ಟ ಹೆಡ್‌ಫೋನನ್ನು ಹುಷಾರಿಯಿಂದ ತಲೆಗೇರಿಸಿದ.

"ಗಾಡಿ ಯಾವ ಕಡೆಯಿಂದ ಬಂತು, ಕೈ ಮಾಡಿ ತೋರಸ್ರಿ ಕಾಕಾ."

ಮೊದಲನೆಯದಕ್ಕೆ ಎಡಗೈ ಎತ್ತಿದ. ಎರಡನೆಯದಕ್ಕೆ ಬಲಗೈ. ಮೂರನೆಯದಕ್ಕೆ ಮುಂದೆ ತೋರಿಸಿದ. ನಾಲ್ಕನೆಯದಕ್ಕೂ ಮುಂದೆ.

ಮಹಾನಂದಾ ಪರದೆ ನೋಡಿದಳು. ನಾಲ್ಕನೆಯ ಗಾಡಿಯನ್ನು ಅವಳು ಬೆನ್ನ ಹಿಂದೆ ಇಟ್ಟಿದ್ದಳು. ಮತ್ತೆ ಹಚ್ಚಿದಳು.

"ಮುಂದ ಅಂದ್ನೆಲ್ಲಾ ತಂಗಿ."

"ಕುತ್ತಿಗಿ ಹೊಳ್ಳಿಸಿ ನೋಡ್ರಿ ಕಾಕಾ. ಹಳಿ ಮ್ಯಾಲೆ ನಿಂತಾಗ ನೋಡತಿದ್ರೆಲ್ಲಾ, ಹಂಗ."

ಯಲ್ಲಪ್ಪ ಕುತ್ತಿಗೆ ಹೊರಳಿಸಿದ, ಇನ್ನೊಂದು ಕಡೆ ಹೊರಳಿಸಿದ. ನಕ್ಕ. "ನಾ ಹೊಳ್ಳಿದ್ರ ಗಾಡಿನೂ ನನ್ನ ಜೋಡಿ ಹೊಳ್ಳತೈತಿ. ಹಳಿನೂ ಹೊಳ್ಳತಾವ. ಎಂಥಾ ಹಳಿ ಹಾಕಿ ಬೇ ಇದು?"

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಹೆಡ್‌ಫೋನ್ ತೆಗೆದು ಅವಳ ಕೈಗೆ ಕೊಟ್ಟು, ರುಮಾಲನ್ನು ಮೊಣಕಾಲ ಮೇಲೆ ಹರವಿಕೊಂಡ.

"ನನ್ನ ಜೋಡಿ ಹುಲಿಗೇಶ ಅಂತ ಇದ್ದ. ಎರಡ ಹಳಿ ಇದ್ದ ಜಾಗಾದಾಗ ಕೆಲಸಾ ಮಾಡಾಕತ್ತಿದ್ವಿ. ಮುಂದ ಬಾಜು ಹಳಿ ಮ್ಯಾಲೆ ಗೂಡ್ಸ್ ಗಾಡಿ ಹೊಂಟಿತ್ತು, ಅದನ್ನ ನೋಡ್ಕೋತ ನಿಂತ. ಹಿಂದಿಂದು ಕೇಳಲಿಲ್ಲ. ನಾ ಒದರಿದ್ದೂ ಕೇಳಲಿಲ್ಲ." ರುಮಾಲನ್ನು ಮಡಚಿದ. "ಎಡಾ ಬಲಾ ಯಾರಿಗೆ ಬೇಕು ತಂಗಿ. ಹಳಿ ಮ್ಯಾಲಿನ ಮನಶ್ಯಾಗ ಗಾಡಿ ಬರೂದು ಎರಡ ಕಡೆಯಿಂದ. ಮುಂದಿಂದ, ಹಿಂದಿಂದ."

ಮನೆಗೆ ಬರುವ ದಾರಿಯಲ್ಲಿ ಅವಳು ಹೊಲಕ್ಕೆ ಹೋಗಿ, ಹತ್ತಿ ಕಟ್ಟಿಗೆ ಕಡಿಯುತ್ತಿದ್ದ ಗೌರೀಶನ ತಲೆಗೂ ಹೆಡ್‌ಫೋನ್ ಹಾಕಿದಳು. ಅವನೂ ಹಿಂದಿನ ಗಾಡಿಯನ್ನು ಮುಂದೆ ತೋರಿಸಿದ. ಎರಡು ಸಲ.

ಮಹಾನಂದಾ ಬದುವಿನ ಮೇಲೆ ಕೂತಳು. ಬೆಳಗಿನಿಂದ ಎದೆಯಲ್ಲಿ ಹೊತ್ತಿದ್ದ ಭಾರ ಬೇರೆಯೇ ಆಗತೊಡಗಿತ್ತು. ಹೆಡ್‌ಫೋನಿನಲ್ಲಿ ತನಗೆ ಅರ್ಧ ಕೇಳುವುದಿಲ್ಲ ಎಂದು ಅಂಜಿದ್ದಳು. ಎರಡು ಕಿವಿ ಇದ್ದವರಿಗೂ ಅದರಲ್ಲಿ ಬೆನ್ನ ಹಿಂದಿನದು ಕೇಳುತ್ತಿರಲಿಲ್ಲ. ಕೇಳುತ್ತಿಲ್ಲವೆಂಬುದು ಅವರಿಗೆ ಗೊತ್ತೂ ಇರಲಿಲ್ಲ.

"ನಾಕ ಸ್ಪೀಕರ್ ಬೇಕು," ಎಂದಳು. "ನಾಕೂ ಮೂಲಿಗೆ ಒಂದೊಂದು. ನಡುವ ಮನಶ್ಯಾ ಕುಂದ್ರಬೇಕು. ಆವಾಗ ಕುತ್ತಿಗಿ ಹೊಳ್ಳಿದ್ರ ಹಳಿ ಹೊಳ್ಳಂಗಿಲ್ಲ."

"ಪ್ರಭು ಸಾಹೇಬ್ರು ಒಪ್ತಾರೇನು?"

"ಒಪ್ಪಂಗಿಲ್ಲ. ಮದ್ಲ ಕೇಳಸೂಣು."

ಗೌರೀಶ ಕೊಡಲಿಯನ್ನು ನೆಲಕ್ಕೆ ಊರಿ ಅವಳ ಮುಖ ನೋಡಿದ. ಮದುವೆಯಾದಾಗಿನಿಂದ ಅವಳು ಯಾವುದನ್ನೂ ಇಷ್ಟು ನೆಟ್ಟಗೆ ಬೇಕು ಎಂದದ್ದನ್ನು ಅವನು ಕೇಳಿರಲಿಲ್ಲ. "ಇಮಾಮುದ್ದೀನನ್ನ ಕೇಳೂಣು ತಡಿ," ಅಂದ.

ಇಮಾಮುದ್ದೀನ ಅಣ್ಣಿಗೇರಿಯಲ್ಲಿ ಮದುವೆ ಮೆರವಣಿಗೆಗಳಿಗೆ ಡಾಲ್ಬಿ ಸ್ಪೀಕರು ಬಾಡಿಗೆ ಕೊಡುವವನು. ಆಳೆತ್ತರದ ಪೆಟ್ಟಿಗೆಗಳ ಮಧ್ಯೆ ಕೂತು ಮಹಾನಂದಾಳ ಮಾತನ್ನೆಲ್ಲ ಕೇಳಿದ.

"ಅಕ್ಕಾರ, ಇವು ಎದಿ ನಡಗಸೋ ಸಾಮಾನು. ನಿಮಗ ಬೇಕಾಗಿದ್ದು ಕಿವಿ ನಂಬೋವಂಥಾದ್ದು," ಎಂದು ಒಳಗಿನಿಂದ ಒಂದೇ ಅಳತೆಯ ನಾಲ್ಕು ಸಣ್ಣ ಸ್ಪೀಕರುಗಳನ್ನು ತಂದು ಧೂಳು ಒರೆಸಿದ. "ಸಭಾ ಸಮಾರಂಭಕ್ಕ ತಂದಿದ್ದೆ. ಸದ್ದು ಸಾಲದು ಅಂತ ಯಾರೂ ಒಯ್ಯಂಗಿಲ್ಲ. ಆದ್ರ ಖೋಲಿ ಯಾವುದು? ಬರೇ ಗ್ವಾಡಿ ಇದ್ರ ಸದ್ದು ಪುಟದು ಪುಟದು ಎಲ್ಲಾ ಕಲಸಿ ಹೋಗತೈತಿ."

ಅದನ್ನು ಮಹಾನಂದಾ ಆಗಲೇ ಯೋಚಿಸಿದ್ದಳು. ಮನೆಯ ಹಿಂದಿನ ಖೋಲಿಯಲ್ಲಿ ದರ ಏರಲೆಂದು ತಡೆದಿಟ್ಟ ಹತ್ತಿಯ ಅಂಡಿಗೆಗಳಿದ್ದವು. ಆಳಿನೆತ್ತರದ ಆ ದೊಡ್ಡ ಚೀಲಗಳು ಮೂರು ಗೋಡೆಯುದ್ದಕ್ಕೂ ಒತ್ತಾಗಿ ನಿಂತಿದ್ದವು. ಆ ಖೋಲಿಯಲ್ಲಿ ಮಾತಾಡಿದರೆ ಮಾತು ಬಾಯಿ ಬಿಟ್ಟು ಮುಂದೆ ಹೋಗುತ್ತಿರಲಿಲ್ಲ. ಹತ್ತಿ ಎಲ್ಲವನ್ನೂ ಹೀರುತ್ತಿತ್ತು.

ಕಸ್ತೂರೆವ್ವ ಬಾಗಿಲಿಗೆ ಅಡ್ಡ ನಿಂತಳು.

"ಹತ್ತಿ ಖೋಲ್ಯಾಗ ಕರೆಂಟಿನ ಸಾಮಾನಾ? ಒಂದ ಕಿಡಿ ಬಿತ್ತಂದ್ರ ಮನಿ ಉಳಿತೈತೇನು? ಗೌರೀಶಾ, ಹೇಂತಿ ಹೇಳಿದ್ಲಂತ ನಿನಗರ ಬುದ್ಧಿ ಬ್ಯಾಡಾ?"

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಗೌರೀಶ ಹೆಂಡತಿಯ ಕಡೆ ನೋಡಿದ. ಇಮಾಮುದ್ದೀನ ಹೆಗಲ ಮೇಲಿನ ವೈರಿನ ಸುರುಳಿ ಕೆಳಗಿಟ್ಟ.

"ಖರೆ ಐತ್ರಿ ಅವ್ವಾರ. ಆಂಪ್ಲಿಫೈಯರ್ ಪಡಸಾಲ್ಯಾಗ ಇಡೂಣು. ಪ್ಲಗ್ಗೂ ಅಲ್ಲೇ. ಒಳಗ ಬರೂದು ಸ್ಪೀಕರಿನ ವೈರ್ ಅಷ್ಟ. ಕಂಪ್ಯೂಟರ್ ಬ್ಯಾಟರಿ ಮ್ಯಾಲೆ ನಡೀತೈತಿ."

ಕಸ್ತೂರೆವ್ವ ಇನ್ನಷ್ಟು ಹೊತ್ತು ಬಾಗಿಲಲ್ಲೇ ನಿಂತಿದ್ದು, ಆಮೇಲೆ ಒಂದು ಬಕೆಟ್ ಉಸುಕು ತರಿಸಿ ಪಡಸಾಲೆಯಲ್ಲಿ ಆಂಪ್ಲಿಫೈಯರಿನ ಬಾಜೂ ಇಡಿಸಿದಳು. ತಾನೂ ಅದರ ಪಕ್ಕದಲ್ಲಿ ಕಡಲೆ ಆರಿಸುತ್ತ ಕೂತಳು. ಮುಂದಿನ ಹತ್ತು ದಿನ, ಆ ಯಂತ್ರದ ಕೆಂಪು ದೀಪ ಉರಿಯುವಷ್ಟು ಹೊತ್ತೂ ಅವಳು ಅಲ್ಲಿಂದ ಏಳುತ್ತಿದ್ದುದೇ ಕಡಿಮೆ.

ಇಮಾಮುದ್ದೀನ ನಾಲ್ಕು ಸ್ಪೀಕರುಗಳನ್ನು ಕಿವಿಯ ಎತ್ತರಕ್ಕೆ ಬರುವ ಹಾಗೆ ನಾಲ್ಕು ಮೂಲೆಯಲ್ಲಿಟ್ಟು, ನಡುವೆ ತನ್ನ ಅಂಗಡಿಯ ತಿರುಗುವ ಸ್ಟೂಲು ಹಾಕಿಕೊಟ್ಟು ಹೋದ. ಮಹಾನಂದಾ ಬಾಗಿಲು ಮುಚ್ಚಿ, ಕೂತು, ಗಾಡಿ ಬಿಟ್ಟಳು.

ಬಲಗಡೆ ದೂರದಲ್ಲಿ ಸದ್ದು ಹುಟ್ಟಿತು. ಹತ್ತಿರವಾಯಿತು. ಮೂಗಿನ ನೇರಕ್ಕೆ ಬಂದು ತೆಳ್ಳಗಾಗತೊಡಗಿದಾಗ ಅವಳು ಕಣ್ಣು ಮುಚ್ಚಿ ಸ್ಟೂಲನ್ನು ಎಡಕ್ಕೆ ತಿರುಗಿಸಿದಳು. ಗಾಡಿ ಅಲ್ಲಿತ್ತು. ಗಾಲಿಗಳು ಹಳಿಯ ಜೋಡಣೆಗಳನ್ನು ಒಂದೊಂದಾಗಿ ತುಳಿಯುತ್ತ ಅವಳ ಮುಂದೆಯೇ ಹಾದು, ಎಡಗಡೆಯ ಹಿಂದಿನ ಮೂಲೆಗೆ ಸರಿದು, ಅಂಡಿಗೆಗಳ ಆಚೆ ಎಲ್ಲೋ ಬಯಲಿಗೆ ಹೋಗಿ ಸಣ್ಣದಾಯಿತು. ಕೊನೆಯ ಡಬ್ಬಿಯ ಸದ್ದೂ ಅಡಗುವ ತನಕ ಅವಳು ಅದನ್ನೇ ಹಿಂಬಾಲಿಸಿದಳು. ಮೂವತ್ತೆರಡು ವರ್ಷದ ಹೆಂಗಸು ಒಂದು ಗಾಡಿಯನ್ನು ಈ ತುದಿಯಿಂದ ಆ ತುದಿಯವರೆಗೆ ಪೂರ್ತಿ ಕೇಳಿದಳು. ಗಲ್ಲ ಒದ್ದೆಯಾದದ್ದು ಆಮೇಲೆ ತಿಳಿಯಿತು. ಮತ್ತೆ ಬಿಟ್ಟಳು, ಮತ್ತೆ ತಿರುಗಿದಳು.

ಕೆಲಸ ಅಲ್ಲಿಂದ ಓಡಿತು. ಗಾಳಿಯನ್ನು ಸುತ್ತಲೂ ಹರಡಿದಳು. ಸುತ್ತಿಗೆಯನ್ನು ಕಾಲಬುಡದಲ್ಲಿ ಇಟ್ಟಳು. ದಿನ ಬಿಟ್ಟು ದಿನ ಯಲ್ಲಪ್ಪನ ಕಟ್ಟೆಗೆ ಹೋಗಿ, ಕರೆಂಟಿನ ಎಂಜಿನ್ ಬರುವಾಗ ಮೊದಲು ಏನು ಕೇಳುತ್ತದೆ ಎಂದು ಕೇಳಿ ಬಂದಳು. ಎಂಜಿನ್ನಿಗಿಂತ ಮೊದಲು ಹಳಿಯೇ ಸಣ್ಣಗೆ ಗುಂಯ್‌ಗುಡುತ್ತದೆ, ಪಾದಕ್ಕೆ ತಿಳಿಯುವಷ್ಟು, ಎಂದು ಅವನು ಹೇಳಿದ. ಅದನ್ನೂ ಇಟ್ಟಳು. ಯಾವುದನ್ನೂ ಅಂದಾಜಿನಲ್ಲಿ ಬಿಡಲಿಲ್ಲ. ಪ್ರತಿ ಸದ್ದಿಗೂ ಬಲಗಿವಿಯನ್ನು ಹಿಡಿದು, ಸ್ಟೂಲಿನ ಮೇಲೆ ಸುತ್ತಿ ಸುತ್ತಿ, ಅದು ಇದ್ದಲ್ಲೇ ಇದೆಯೋ ಇಲ್ಲವೋ ನೋಡಿದಳು.

ಏಳನೆಯ ದಿನ ಮಧ್ಯಾಹ್ನ ಕಸ್ತೂರೆವ್ವ ಊಟಕ್ಕೆ ಕರೆಯಲು ಬಂದು, ಸೊಸೆಯ ಎಡಕ್ಕಿದ್ದ ಬಾಗಿಲಲ್ಲಿ ನಿಂತಳು. ಆ ಹೊತ್ತಿಗೆ ಸ್ಪೀಕರುಗಳಲ್ಲಿ ಏನೂ ಬರುತ್ತಿರಲಿಲ್ಲ. ಸೊಸೆ ಪರದೆಯ ಮೇಲೆ ಏನೋ ತಿದ್ದುತ್ತಿದ್ದಳು. "ಮಹಾನಂದಾ," ಎಂದಳು. ಉತ್ತರವಿಲ್ಲ. ಇನ್ನೊಮ್ಮೆ ಕರೆದಳು. ಎಂದಿನ ಸಿಟ್ಟು ಏರುವಷ್ಟರಲ್ಲಿ ಸೊಸೆ ಒಂದು ಸದ್ದು ಬಿಟ್ಟು, ಕಣ್ಣು ಮುಚ್ಚಿ, ಸ್ಟೂಲನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಬಲಗಿವಿಯನ್ನು ನಾಲ್ಕೂ ಮೂಲೆಗೆ ಒಡ್ಡಿದಳು. ಎಡಗಿವಿಯನ್ನು ಯಾವುದಕ್ಕೂ ಒಡ್ಡಲಿಲ್ಲ. ಕಸ್ತೂರೆವ್ವ ಸದ್ದಾಗದಂತೆ ಒಳಗೆ ಬಂದು ಅವಳ ಬಲಗಡೆಗೆ ಹೋಗಿ ನಿಂತು, ಪಿಸುಮಾತಿನಷ್ಟೇ ಮೆಲ್ಲಗೆ ಹೆಸರು ಹಿಡಿದು ಕರೆದಳು.

"ಏನ್ರಿ ಅತ್ತಿ?" ಎಂದು ಮಹಾನಂದಾ ಕಣ್ಣು ತೆರೆದಳು.

"ನಿನಗ ಎಡಗಿವಿ ಕೇಳಂಗಿಲ್ಲೇನು?"

ಹತ್ತಿಯ ಖೋಲಿಯಲ್ಲಿ ಆ ಪ್ರಶ್ನೆ ಎಲ್ಲಿಗೂ ಹೋಗಲಿಲ್ಲ, ಇಬ್ಬರ ನಡುವೆಯೇ ಉಳಿಯಿತು.

"ಇಲ್ರಿ. ಸಣ್ಣಾಕಿ ಇದ್ದಾಗಿಂದ."

"ಗೌರೀಶಗ ಗೊತ್ತೈತಿ?"

"ಗೊತ್ತೈತ್ರಿ."

"ನನಗ ಯಾಕ ಹೇಳಲಿಲ್ಲ?"

"ಅಪ್ಪ ಮೋಸಾ ಮಾಡ್ಯಾನ ಅಂತೀರಿ ಅಂತ."

ಕಸ್ತೂರೆವ್ವ ಒಂದು ಅಂಡಿಗೆಗೆ ಒರಗಿ ನೆಲಕ್ಕೆ ಕೂತಳು. "ಅಂತಿದ್ದೆ," ಎಂದಳು. "ಖರೇನ ಅಂತಿದ್ದೆ. ಮದಿವಿಗಿಂತ ಮದ್ಲ ಹೇಳಿದ್ರ ಈ ಹುಡುಗಿ ಬ್ಯಾಡ ಅಂತಿದ್ದೆ." ಸೆರಗಿಗೆ ಹತ್ತಿದ ಅರಳೆಯನ್ನು ಒಂದೊಂದಾಗಿ ಕಿತ್ತಳು. "ಏಳ ವರ್ಷ ನನ್ನ ಸೊಸಿಗೆ ಸೊಕ್ಕ ಅಂತ ಓಣಿ ತುಂಬ ಹೇಳೀನಿ. ನೀ ಒಂದ ದಿನಾನೂ ಬಾಯಿ ತಗೀಲಿಲ್ಲಲ್ಲಾ."

ಮಹಾನಂದಾ ಬಗ್ಗಿ, ಅತ್ತೆಯ ಸೆರಗಿನ ತುದಿಗೆ ಉಳಿದಿದ್ದ ಅರಳೆಯೊಂದನ್ನು ಕಿತ್ತಳು.

"ಆ ಹುಬ್ಬಳ್ಳಿಯವರಿಗೆ ಗೊತ್ತೈತೇನು?"

"ಇಲ್ರಿ."

"ಹೂಂ." ಕಸ್ತೂರೆವ್ವ ಮೊಣಕಾಲಿಗೆ ಕೈ ಊರಿ ಎದ್ದಳು. "ಬಾ, ರೊಟ್ಟಿ ಆರತಾವ. ಉಂಡ ಮ್ಯಾಲೆ ನನಗೂ ಕೇಳಸು ಅದೇನು ಗಾಡಿ."

ಪ್ರಭುವಿಗೆ ಮಹಾನಂದಾ ಫೋನು ಮಾಡಿದಾಗ ಅವನು ಬಹಳ ಹೊತ್ತು ವಾದಿಸಿದ. ನಾಲ್ಕು ಸ್ಪೀಕರು, ವೈರು, ಖೋಲಿ, ಅದನ್ನೆಲ್ಲ ಊರೂರಿಗೆ ಸಾಗಿಸುವ ತಾಪತ್ರಯ. ಹೆಡ್‌ಫೋನಿನಲ್ಲಿ ಕೆಲಸ ಮಾಡುವವರು ಬೇರೆ ಕಡೆ ಬೇಕಾದಷ್ಟು ಜನ ಇದ್ದಾರೆಂದೂ ಹೇಳಿದ. ಕೊನೆಗೆ, "ಗುರುವಾರ ಬರತೇನಿ. ಒಂದ ತಾಸು. ಅಷ್ಟರಾಗ ನನಗ ಒಪ್ಪಿಗಿ ಆಗಲಿಲ್ಲಂದ್ರ ಈ ಕೆಲಸಾ ಬ್ಯಾರೆದವರಿಗೆ ಕೊಡತೇನ್ರಿ, ಬ್ಯಾಸರ ಮಾಡ್ಕೋಬಾರದು," ಅಂದ.

ಗುರುವಾರ ಹನ್ನೊಂದಕ್ಕೆ ಅವನ ಕಾರು ಬಂತು. ನಲವತ್ತೈದರ, ಅಂಗಿಯ ತೋಳು ಮಡಚಿದ, ಮಾತಾಡುವವರಿಗಿಂತ ಗಡಿಯಾರವನ್ನು ಹೆಚ್ಚು ನೋಡುವ ಮನುಷ್ಯ. ಮಹಾನಂದಾ ಯಲ್ಲಪ್ಪನನ್ನೂ ಕರೆಸಿದ್ದಳು. ಅವನು ಹೊಸ ರುಮಾಲು ಸುತ್ತಿಕೊಂಡು ಬಂದು ಹೊಸ್ತಿಲ ಹೊರಗೇ ನಿಂತುಬಿಟ್ಟ. ಆ ಮನೆಯ ಒಳಗೆ ಅವನು ಯಾವತ್ತೂ ಕಾಲಿಟ್ಟವನಲ್ಲ. ಮಹಾನಂದಾ ಬಾಯಿ ತೆರೆಯುವ ಮೊದಲೇ ಕಸ್ತೂರೆವ್ವ, "ಒಳಗ ಬಾ ಯಲ್ಲಪ್ಪಾ, ಹೊರಗ ಯಾವ ಗಾಡಿ ಬರತೈತಿ," ಎಂದು ದಾರಿ ಬಿಟ್ಟಳು.

"ಮದ್ಲ ನೀವು ಹೆಡ್‌ಫೋನ್ ಹಾಕ್ಕೋರಿ ಸರ್," ಎಂದಳು ಮಹಾನಂದಾ. "ಎಂಟು ಗಾಡಿ ಬರತಾವ. ಕೈ ಮಾಡಿ ತೋರಸ್ರಿ."

ಪ್ರಭು ನಕ್ಕು ಹಾಕಿಕೊಂಡ. ಎಡ ಬಲದ ನಾಲ್ಕನ್ನೂ ಸರಿಯಾಗಿ ತೋರಿಸಿದ. ಹಿಂದು ಮುಂದಿನ ನಾಲ್ಕರಲ್ಲಿ ಮೂರು ತಪ್ಪಿದವು. ಅವನು ನಂಬಲಿಲ್ಲ, ತಾನೇ ಪರದೆಯ ಮುಂದೆ ಬಗ್ಗಿ ನೋಡಿದ. ಇನ್ನೊಮ್ಮೆ ಹಾಕಿಕೊಂಡು, ಇನ್ನೊಮ್ಮೆ ತಪ್ಪಿದ. "ಕೆಲವರಿಗೆ ಹಂಗಾಗತೈತ್ರಿ," ಎಂದ. ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

"ಈಗ ಕಾಕಾ ಕುಂದ್ರಲಿ. ಸ್ಪೀಕರಿನ್ಯಾಗ."

ಯಲ್ಲಪ್ಪ ರುಮಾಲು ತೆಗೆದು ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದ. ಪ್ರಭು ಅವನ ಪಕ್ಕದಲ್ಲಿ ಕೈಕಟ್ಟಿ ನಿಂತ. ಪಡಸಾಲೆಯಲ್ಲಿ ಕಸ್ತೂರೆವ್ವ ಕೆಂಪು ದೀಪ ಹತ್ತಿತೆಂದು ಕೂಗಿ ಹೇಳಿದಳು.

ಮೊದಲು ಗಾಳಿ ಬಂತು, ಎರೆಹೊಲಗಳ ಮೇಲೆ ತಡೆಯಿಲ್ಲದೆ ಬೀಸುವ ಗಾಳಿ. ಟಿಟ್ಟಿಭ ಹಕ್ಕಿಯೊಂದು ಎಲ್ಲೋ ಕೂಗಿಕೊಂಡಿತು. ಕಾಲಬುಡದಲ್ಲಿ ಸುತ್ತಿಗೆ ಬೀಳತೊಡಗಿತು, ಒಂದೇ ಲಯದಲ್ಲಿ. ಯಲ್ಲಪ್ಪನ ಹೆಗಲು ಆ ಲಯಕ್ಕೆ ಸಣ್ಣಗೆ ಅಲ್ಲಾಡಿತು. ಆಮೇಲೆ ಮುಂದಿನಿಂದ ಗೂ‌ಡ್ಸ್ ಗಾಡಿ ಬಂತು, ಬಾಜು ಹಳಿಯ ಮೇಲೆ, ಭಾರದ್ದು, ಉದ್ದದ್ದು, ಖೋಲಿ ತುಂಬ ಗಡಗಡ. ಅದು ಮುಗಿಯುವಂತೆಯೇ ಕಾಣಲಿಲ್ಲ. ಪ್ರಭು ಅದರ ಕಡೆಗೇ ಮುಖ ಮಾಡಿ ನಿಂತಿದ್ದ.

ಆ ಗಡಗಡದ ಅಡಿಯಲ್ಲಿ, ಬೆನ್ನ ಹಿಂದೆ, ಹಳಿ ಸಣ್ಣಗೆ ಗುಂಯ್‌ಗುಟ್ಟಿತು.

ಯಲ್ಲಪ್ಪ ಎದ್ದ. ಕಣ್ಣು ತೆರೆಯಲಿಲ್ಲ. ಎಡಗೈ ಮೇಲೆತ್ತಿ, "ಗಾಡಿ ಬಂತು, ಸರೀರ್ಲೇ," ಎಂದು ಹಳಿಯ ಮೇಲಿನವರಿಗೆ ಕೂಗುವ ದನಿಯಲ್ಲಿ ಕೂಗಿ, ಬಲಗೈಯಿಂದ ಪ್ರಭುವಿನ ರಟ್ಟೆ ಹಿಡಿದು ಎಳೆದು, ಎರಡು ದಾಪುಗಾಲಿನಲ್ಲಿ ಪಕ್ಕಕ್ಕೆ ಸರಿದ. ಪ್ರಭು ತೂಕ ತಪ್ಪಿ ಹತ್ತಿಯ ಅಂಡಿಗೆಯ ಮೇಲೆ ಕುಸಿದು ಕೂತ. ಅವರಿಬ್ಬರು ನಿಂತಿದ್ದ ಜಾಗದ ಮೇಲೆ ಕರೆಂಟಿನ ಗಾಡಿ ಹಿಂದಿನಿಂದ ಬಂದು, ಸೀಟಿ ಹೊಡೆಯುತ್ತ, ಮುಂದಕ್ಕೆ ಹಾದು ಹೋಯಿತು.

ಸದ್ದು ಅಡಗಿದ ಮೇಲೂ ಯಲ್ಲಪ್ಪ ಪ್ರಭುವಿನ ರಟ್ಟೆ ಬಿಟ್ಟಿರಲಿಲ್ಲ. ಕಣ್ಣು ತೆರೆದು, ಸುತ್ತ ಅಂಡಿಗೆಗಳನ್ನು ನೋಡಿ, ತಾನು ಎಲ್ಲಿದ್ದೇನೆಂದು ನೆನಪಾಗಿ ಕೈ ಬಿಟ್ಟ.

"ತಪ್ಪಾತ್ರಿ ಸಾಹೇಬ್ರ. ಕೈ ಹಿಡದೆ."

"ಇಲ್ಲ, ಇಲ್ಲ," ಎಂದ ಪ್ರಭು. ಅಂಡಿಗೆಯ ಮೇಲಿಂದ ಏಳಲೇ ಇಲ್ಲ. ಪ್ಯಾಂಟಿನ ತುಂಬ ಅರಳೆ. "ನನಗ ಕೇಳಲೇ ಇಲ್ಲ. ನಾ ಮುಂದಿಂದು ನೋಡಾಕತ್ತಿದ್ದೆ."

"ಎಲ್ಲಾರೂ ಹಂಗ ಮಾಡತಾರ್ರಿ," ಎಂದ ಯಲ್ಲಪ್ಪ. "ರೂಢಿ ಬೇಕು."

ಅರಳೆ ಕೊಡವಿಕೊಳ್ಳುತ್ತ ಪ್ರಭು ಮಹಾನಂದಾಳ ಕಡೆ ತಿರುಗಿದ. "ನಮ್ಮ ಕಡೆ ಮೂರು ಮಂದಿ ಎಂಜಿನಿಯರ್ ಇಂಥಾ ಸದ್ದು ಹೆಡ್‌ಫೋನಿನ್ಯಾಗ ಕೇಳ್ಯಾರ. ಯಾರಿಗೂ ಹಿಂದು ಮುಂದು ಕಲಸಿ ಹೋಗತೈತಿ ಅಂತ ಹೊಳೀಲಿಲ್ಲ. ನಿಮಗ ಹ್ಯಾಂಗ ಹೊಳೀತ್ರಿ?"

ಒಳ್ಳೆಯ ಉತ್ತರಗಳು ಬೇಕಾದಷ್ಟಿದ್ದವು. ಅವುಗಳಲ್ಲಿ ಯಾವುದನ್ನು ಹೇಳಿದ್ದರೂ ನಡೆಯುತ್ತಿತ್ತು. ಮಹಾನಂದಾ ಲ್ಯಾಪ್‌ಟಾಪಿನ ಮುಚ್ಚಳ ಇಳಿಸಿ ನೆಟ್ಟಗೆ ನಿಂತಳು.

"ನನಗ ಎಡಗಿವಿ ಕೇಳಂಗಿಲ್ರಿ ಸರ್. ಹೆಡ್‌ಫೋನ್ ಹಾಕಿದ್ರ ಅರ್ಧಾ ಗಾಡಿ ಮಾಯ ಆಗತೈತಿ. ಅದಕ್ಕ ಬ್ಯಾರೆದವರಿಗೆ ಕೇಳಿಸಿ ನೋಡಿದೆ. ಆವಾಗ ಅವರದೂ ಅರ್ಧಾ ಮಾಯ ಆಗಿದ್ದು ತಿಳೀತು. ನಾಕ ವರ್ಷ ನಿಮಗ ಹೇಳಿದ್ದಿಲ್ಲ. ಇವತ್ತ ಹೇಳೀನಿ."

ಬಾಗಿಲಿನಿಂದ ಕಸ್ತೂರೆವ್ವನ ದನಿ ಬಂತು. ಅವಳು ನಾಲ್ಕು ಚಹಾದ ಲೋಟಗಳ ತಾಟು ಹಿಡಿದು ಯಾವಾಗ ಬಂದು ನಿಂತಿದ್ದಳೋ.

"ಹೌದ್ರಿ, ನಮ್ಮ ಸೊಸಿಗೆ ಒಂದ ಕಿವಿ. ನಿಮ್ಮ ಕಚೇರ್ಯಾಗ ಆರ ಕಿವಿ ಕೇಳಿದ್ವು ಅಂದ್ರೆಲ್ಲಾ, ಅವು ಏನ ಮಾಡಿದ್ವು?"

ಮೊದಲು ನಕ್ಕವನು ಯಲ್ಲಪ್ಪ. ಆಮೇಲೆ ಪ್ರಭುವೂ ನಕ್ಕ, ಅಂಡಿಗೆಯ ಮೇಲೆ ಕೂತಲ್ಲೇ, ತಲೆ ಅಲ್ಲಾಡಿಸುತ್ತ. ಕಸ್ತೂರೆವ್ವ ನಗಲಿಲ್ಲ. ತಾಟನ್ನು ಮೊದಲು ಯಲ್ಲಪ್ಪನ ಮುಂದೆ ಹಿಡಿದಳು.

ಪ್ರಭು ಒಂದು ತಾಸಿಗೆಂದು ಬಂದವನು ನಾಲ್ಕು ತಾಸು ಇದ್ದ. ಸ್ಟೂಲಿನ ಮೇಲೆ ತಾನೂ ಕೂತು ಸುತ್ತಿ ಸುತ್ತಿ ಕೇಳಿದ. ಹಿಂದಿನ ಗಾಡಿಯನ್ನು ಮೂರನೆಯ ಸಲಕ್ಕೆ ತಾನೇ ಹಿಡಿದಾಗ ಹುಡುಗನ ಹಾಗೆ ಕೈ ಎತ್ತಿದ. ರೊಟ್ಟಿ ಉಂಡು ಹೊರಡುವಾಗ, ನಾಲ್ಕು ಸ್ಪೀಕರು ಕೂಡುವ ಪೆಟ್ಟಿಗೆ, ಮಡಚುವ ಕಾಲುಗಳು, ಗೋಡೆಗೆ ಇಳಿಬಿಡುವ ದಪ್ಪ ಪರದೆ, ಇವನ್ನೆಲ್ಲ ಒಂದು ಹಾಳೆಯಲ್ಲಿ ಮಹಾನಂದಾಳಿಂದ ಬರೆಸಿಕೊಂಡ. ಹಾಳೆಯನ್ನು ಕಿಸೆಗೆ ಹಾಕುತ್ತ, "ಮದಲನೇ ತಂಡಕ್ಕ ಪಾಠಾ ಮಾಡಾಕ ನೀವ ಬರಬೇಕ್ರಿ," ಅಂದ. "ಯಲ್ಲಪ್ಪ ಅವರನ್ನೂ ಕರಕೊಂಡು ಬರ್ರಿ." ಯಲ್ಲಪ್ಪ ಅವರನ್ನೂ ಎಂದದ್ದಕ್ಕೆ ಯಲ್ಲಪ್ಪ ಹಿಂದೆ ತಿರುಗಿ ನೋಡಿದ, ಬೇರೆ ಯಾರಾದರೂ ನಿಂತಿದ್ದಾರೋ ಎಂದು.

ಮೂರು ತಿಂಗಳ ಮೇಲೆ ಅಣ್ಣಿಗೇರಿಯ ಹೊರಗೆ, ಹಳಿಯ ಬದಿಯ ತಗಡಿನ ಶೆಡ್ಡೊಂದರಲ್ಲಿ ಮೊದಲ ತಂಡಕ್ಕೆ ಪಾಠ ನಡೆಯಿತು. ಹನ್ನೊಂದು ಜನ, ಅವರಲ್ಲಿ ನಾಲ್ವರು ಹೆಂಗಸರು. ಇಮಾಮುದ್ದೀನ ವೈರು ಎಳೆದ. ಯಲ್ಲಪ್ಪ ಹಳಿಯ ಗುಂಯ್‌ಗುಡುವಿಕೆಯನ್ನು ಹೇಗೆ ಕೇಳಬೇಕೆಂದು ಹೇಳಿಕೊಟ್ಟ. ಮಹಾನಂದಾ ಮೊದಲ ಮಾತಿಗೇ, "ನನಗ ಒಂದ ಕಿವಿ ಕೇಳತೈತಿ, ಏನರ ಕೇಳೂದಿದ್ರ ಈ ಕಡೆ ಬಂದು ಕೇಳ್ರಿ," ಎಂದಳು. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಐದು ದಿನ ಅವರನ್ನು ಒಬ್ಬೊಬ್ಬರನ್ನಾಗಿ ನಡುವೆ ಕೂರಿಸಿ ಗಾಡಿ ಬಿಟ್ಟಳು.

ಆರನೆಯ ದಿನ ತಂಡ ಕೆಲಸಕ್ಕೆ ಇಳಿಯಿತು. ಮಹಾನಂದಾ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಎರಡೂ ಕಡೆ ಕುಸುಬೆ ಕೊಯ್ದ ಹೊಲ, ಬಿಸಿಲು ಏರಿತ್ತು. ಕಾವಲಿಗೆ ನಿಂತವನು ಬಾವುಟ ಹಿಡಿದು ದೂರದ ತಿರುವಿನಲ್ಲಿದ್ದ. ಕಿತ್ತಳೆ ಬಣ್ಣದ ಅಂಗಿ ತೊಟ್ಟವರು ಬಗ್ಗಿ ಜಲ್ಲಿ ಎಳೆಯುತ್ತಿದ್ದರು. ಎಲ್ಲರಿಗಿಂತ ಹಿಂದೆ ಶಿವಾನಿ ಎಂಬ ಹೆಂಗಸು, ಕಳೆದ ವಾರವಷ್ಟೇ ಕೆಲಸಕ್ಕೆ ಸೇರಿದವಳು, ಸಲಿಕೆ ಹಾಕುತ್ತಿದ್ದಳು. ಬಾಜು ಹಳಿಯ ಮೇಲೆ ಗೂಡ್ಸ್ ಗಾಡಿಯೊಂದು ನಿಧಾನಕ್ಕೆ ಸಾಗುತ್ತಿತ್ತು.

ಶಿವಾನಿಯ ಸಲಿಕೆ ನಿಂತಿತು. ಅವಳು ತಲೆ ಎತ್ತಿದಳು, ಹಿಂದಕ್ಕೆ ತಿರುಗಿದಳು, ಕೈ ಮೇಲೆತ್ತಿ ಏನೋ ಕೂಗಿದಳು. ಮಹಾನಂದಾಗೆ ಇನ್ನೂ ಏನೂ ಕೇಳಿಸಿರಲಿಲ್ಲ. ಕಾವಲಿನವನ ಸೀಟಿ ಆಮೇಲೆ ಬಂತು. ಅಷ್ಟರಲ್ಲಿ ಹನ್ನೊಂದೂ ಜನ ಹಳಿ ಬಿಟ್ಟು ಇಳಿಜಾರಿಗೆ ಇಳಿದಿದ್ದರು. ಗಾಡಿ ಬಂತು, ಅವರ ಅಂಗಿಗಳನ್ನು ಮೈಗೆ ಒತ್ತಿ ಹಾದು ಹೋಯಿತು.

ಧೂಳು ಇಳಿದ ಮೇಲೆ ಶಿವಾನಿ ನೀರಿನ ಬಾಟಲಿಯ ಮುಚ್ಚಳ ತೆಗೆದು ಎರಡು ಗುಟುಕು ಕುಡಿದು, ಪಕ್ಕದವಳಿಗೆ ಕೊಟ್ಟು, ಸಲಿಕೆ ಎತ್ತಿಕೊಂಡು ಮತ್ತೆ ಹಳಿ ಏರಿದಳು.